ಸಾಲ ತೀರಿದರೂ ಪಹಣಿಯಲ್ಲಿ ಋಣ ಹಾಗೇ ಇದೆಯಾ? ಹಳೆ ಅಡಮಾನದ ದಾಖಲೆ ಸರಿಪಡಿಸಿಕೊಳ್ಳೋದು ಹೀಗೆ

ತಿಪಟೂರು: ನಮ್ಮ ತಾತ 1994ರಲ್ಲಿ ಪಂಪ್‌ಸೆಟ್‌ಗೆ ಅಂತ ಊರಿನ ಸೊಸೈಟಿಯಲ್ಲಿ 18 ಸಾವಿರ ರೂಪಾಯಿ ಸಾಲ ತಗೊಂಡಿದ್ದರು. ಕೊಬ್ಬರಿ ಮಾರಿ ನಾಲ್ಕೈದು ವರ್ಷದಲ್ಲಿ ತೀರಿಸಿದ್ದೂ ಆಯ್ತು. ತಾತ ತೀರಿಕೊಂಡು ಎಷ್ಟೋ ವರ್ಷದ ಮೇಲೆ, ತಂಗಿಯ ನರ್ಸಿಂಗ್ ಕಾಲೇಜಿನ ಫೀಸಿಗೆ ಅರ್ಧ ಎಕರೆ ಮಾರೋಣ ಅಂತ ಅಪ್ಪ ಹೊರಟಾಗ, ತಗೊಳ್ಳೋರ ಕಡೆಯ ವಕೀಲರು ಪಹಣಿಯ 11ನೇ ಕಾಲಂ ಮೇಲೆ ಬೆರಳಿಟ್ಟರು. ಆ 18 ಸಾವಿರ ಇನ್ನೂ ಅಲ್ಲೇ ಕೂತಿತ್ತು. ಸೊಸೈಟಿಗೆ ಹೋದರೆ ‘ಬಡ್ಡಿ ಸೇರಿ 74 ಸಾವಿರ ಆಗುತ್ತೆ, ಕಟ್ಟಿದರೆ ಪತ್ರ ಕೊಡ್ತೀವಿ’ ಅಂದರು. ತೀರಿಸಿದ ರಸೀದಿ ಮನೇಲಿರಲಿಲ್ಲ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಈ ವರದಿಗಾರನಿಗೆ ವಾರಕ್ಕೆ ಒಬ್ಬರಾದರೂ ಇಂಥದ್ದೇ ಪಹಣಿ ಹಿಡಿದುಕೊಂಡು ಸಿಕ್ತಾರೆ. ಕೆಲವರದು ಜಮೀನು, ಕೆಲವರದು ಪೇಟೆಯಲ್ಲಿನ ಅಂಗಡಿ ಮಳಿಗೆ, ಇನ್ನು ಕೆಲವರದು ಮನೆ ಸಾಲ. ಎಲ್ಲರೂ ಒಂದೇ ತಪ್ಪು ಮಾಡಿರ್ತಾರೆ. ಸಾಲ ತೀರಿದ ದಿನ ಎಲ್ಲಾ ಮುಗೀತು ಅಂದುಕೊಂಡಿರ್ತಾರೆ. ಸಾಲ ತೀರೋದು ಬೇರೆ, ದಾಖಲೆ ತೀರೋದು ಬೇರೆ. ಎರಡನೆಯದು ತಾನಾಗಿ ಆಗುತ್ತೆ ಅಂತ ನಂಬಿ ಕೂರಬಾರದು, ನಾವೇ ಹಿಂದೆ ಬಿದ್ದು ಮಾಡಿಸಬೇಕು. ಹೇಗೆ ಅನ್ನೋದನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇವೆ.

ಮೊದಲು ತಿಳ್ಕೊಳ್ಳಿ: ತಕರಾರು ಯಾವುದರ ಮೇಲೆ?

ಹಳೆ ಅಡಮಾನದ ಜಗಳಗಳು ಹೆಚ್ಚಾಗಿ ಈ ಐದರಲ್ಲಿ ಒಂದಾಗಿರುತ್ತವೆ:

1. ಸಾಲ ತೀರಿದೆ, ಆದರೆ ಪಹಣಿ ಅಥವಾ ಇ.ಸಿ.ಯಲ್ಲಿ ಋಣ ಇನ್ನೂ ತೋರಿಸುತ್ತಿದೆ.
2. ಸಾಲ ತೀರಿದೆ, ಆದರೆ ಬ್ಯಾಂಕ್ ಮೂಲ ಪತ್ರ ವಾಪಸ್ ಕೊಡುತ್ತಿಲ್ಲ, ಅಥವಾ ‘ಸಿಗುತ್ತಿಲ್ಲ’ ಅನ್ನುತ್ತಿದೆ.
3. ನಾವು ತೀರಿದೆ ಅಂತೀವಿ, ಬ್ಯಾಂಕ್ ಬಾಕಿ ಇದೆ ಅನ್ನುತ್ತೆ.
4. ಬಾಕಿ ಇರೋದು ನಿಜ, ಆದರೆ ಬಡ್ಡಿ ಲೆಕ್ಕ ತಪ್ಪು.
5. ಸಾಲ ಮಾಡಿದವರೇ ಈಗ ಇಲ್ಲ, ಮಕ್ಕಳಿಗೆ ಏನೂ ಗೊತ್ತಿಲ್ಲ.

ನಿಮ್ಮದು ಯಾವುದು ಅಂತ ಗೊತ್ತಿಲ್ಲದೆ ಕೌಂಟರ್ ಮುಂದೆ ನಿಂತರೆ ಬರೀ ಮಾತಿಗೆ ಮಾತು ಬೆಳೆಯುತ್ತೆ. ಮೊದಲ ಎರಡಕ್ಕೆ ಪತ್ರ ಸಾಕು. ಮೂರು ಮತ್ತು ನಾಲ್ಕಕ್ಕೆ ಲೆಕ್ಕದ ಪುಸ್ತಕ ಬೇಕು. ಐದಕ್ಕೆ ವಾರಸುದಾರಿಕೆಯ ಕಾಗದ ಮೊದಲು ಮಾಡಿಸಬೇಕು.

ಋಣ ಎಲ್ಲೆಲ್ಲಿ ದಾಖಲಾಗಿರುತ್ತೆ?

ಒಂದು ಸಾಲ ಒಂದೇ ಕಡೆ ಬರೆದಿರುವುದಿಲ್ಲ. ಒಂದು ಕಡೆ ತೆಗೆಸಿ ಇನ್ನೊಂದು ಕಡೆ ಬಿಟ್ಟರೆ ಹತ್ತು ವರ್ಷದ ಮೇಲೆ ಮತ್ತೆ ಅದೇ ತಲೆನೋವು. ಎಲ್ಲವನ್ನೂ ನೋಡಿ.

*ಪಹಣಿ:* ಕೃಷಿ ಜಮೀನಾದರೆ 11ನೇ ಕಾಲಂ ನೋಡಿ. ಸಾಲ ಕೊಟ್ಟವರ ಹೆಸರು, ಮೊತ್ತ, ಪಕ್ಕದಲ್ಲಿ ಎಂ.ಆರ್. ಸಂಖ್ಯೆ ಇರುತ್ತೆ. ಕೈಬರಹದ ಪಹಣಿಗಳನ್ನು ಭೂಮಿ ಯೋಜನೆಯಲ್ಲಿ ಕಂಪ್ಯೂಟರ್‌ಗೆ ಏರಿಸಿದಾಗ ಹಳೆ ಋಣಗಳೂ ಹಾಗೇ ಏರಿದವು. ಆಮೇಲೆ ಯಾರೂ ಅರ್ಜಿ ಕೊಡದೇ ಇದ್ದಲ್ಲಿ ಇವತ್ತಿಗೂ ಅಲ್ಲೇ ಇವೆ. ಎಂ.ಆರ್. ಸಂಖ್ಯೆ ಬರೆದುಕೊಂಡು ತಾಲ್ಲೂಕು ಕಚೇರಿಯಲ್ಲಿ ಅದರ ದೃಢೀಕೃತ ನಕಲು ತಗೊಳ್ಳಿ. ಸಾಲ ಯಾವ ದಿನಾಂಕದ್ದು, ಯಾವ ಪತ್ರದ ಆಧಾರದ ಮೇಲೆ ಋಣ ಕೂರಿಸಿದರು ಅನ್ನೋದು ಅದರಲ್ಲಿ ಸಿಗುತ್ತೆ.

*ಇ.ಸಿ.:* ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತೆ. ಅದಕ್ಕೂ ಹಿಂದಿನದ್ದಕ್ಕೆ ಕಚೇರಿಗೇ ಹೋಗಿ ಅರ್ಜಿ ಹಾಕಬೇಕು. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಕೊಡ್ತಾರೆ. ಬಹಳ ಜನ 2004ರಿಂದ ಈಚೆಗೆ ಮಾತ್ರ ತೆಗೆಸಿ ‘ನಿಲ್’ ಬಂತು ಅಂತ ಖುಷಿಯಾಗ್ತಾರೆ. ನಿಮ್ಮ ಸಾಲ 1990ರ ದಶಕದ್ದಾದರೆ ಆ ಇ.ಸಿ.ಯಲ್ಲಿ ಅದು ಕಾಣೋದೇ ಇಲ್ಲ. ಸಾಲ ಮಾಡಿದ ವರ್ಷಕ್ಕಿಂತ ಒಂದೆರಡು ವರ್ಷ ಹಿಂದಿನಿಂದ ಕೇಳಿ.

*ಸೆರ್ಸಾಯ್:* ಪತ್ರ ಇಟ್ಟು ಮಾಡಿದ ಸಾಲಗಳನ್ನು ಬ್ಯಾಂಕ್‌ಗಳು ದಾಖಲಿಸುವ ಕೇಂದ್ರ ನೋಂದಣಿ. 2011ರಲ್ಲಿ ಶುರುವಾಯಿತು. ಮನೆ ಸಾಲ, ಅಂಗಡಿ ಸಾಲ ಇದ್ದವರು ಇದನ್ನು ಮರೆಯಬಾರದು. ಸಾರ್ವಜನಿಕರೂ ಶುಲ್ಕ ಕಟ್ಟಿ ಆನ್‌ಲೈನ್‌ನಲ್ಲಿ ಹುಡುಕಬಹುದು.

*ಸಿಬಿಲ್ ವರದಿ:* ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಾಲ್ಕು ಕಂಪನಿಗಳಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಕೊಡಬೇಕು. ಸೈಬರ್ ಸೆಂಟರ್‌ನಲ್ಲಿ ದುಡ್ಡು ಕೊಟ್ಟು ತೆಗೆಸೋ ಅಗತ್ಯ ಇಲ್ಲ.

*ಸಾಲ ಕೊಟ್ಟವರ ಲೆಡ್ಜರ್:* ಕೊನೆಗೆ ಎಲ್ಲಾ ನಿಲ್ಲೋದು ಇದರ ಮೇಲೆ.

ಸಾಲ ಕೊಟ್ಟ ಬ್ಯಾಂಕೇ ಈಗ ಇಲ್ಲ ಅಂದ್ರೆ?

ಹಳೆ ಬೋರ್ಡ್ ಹುಡುಕಿಕೊಂಡು ಹೋದರೆ ಸಿಗಲ್ಲ. ಬ್ಯಾಂಕ್ ವಿಲೀನವಾದರೆ ಅದರ ಸಾಲ, ಅಡಮಾನ, ನಿಮ್ಮ ಪತ್ರ, ಪತ್ರದ ಜವಾಬ್ದಾರಿ ಎಲ್ಲವೂ ಹೊಸ ಬ್ಯಾಂಕಿಗೆ ಹೋಗುತ್ತೆ. ‘ಅದು ಹಿಂದಿನ ಬ್ಯಾಂಕಿನವರ ಕಾಲದ್ದು, ನಮಗೆ ಗೊತ್ತಿಲ್ಲ’ ಅನ್ನೋ ಉತ್ತರ ಒಪ್ಪಬೇಡಿ.

- ಸ್ಟೇಟ್ ಬ್ಯಾಂಕ್ ಆಫ್ ಮೈಸೂರು: 2017ರ ಏಪ್ರಿಲ್ 1ರಿಂದ ಎಸ್‌ಬಿಐ
- ವಿಜಯಾ ಬ್ಯಾಂಕ್: 2019ರ ಏಪ್ರಿಲ್ 1ರಿಂದ ಬ್ಯಾಂಕ್ ಆಫ್ ಬರೋಡಾ
- ಸಿಂಡಿಕೇಟ್ ಬ್ಯಾಂಕ್: 2020ರ ಏಪ್ರಿಲ್ 1ರಿಂದ ಕೆನರಾ ಬ್ಯಾಂಕ್
- ಕಾರ್ಪೊರೇಷನ್ ಬ್ಯಾಂಕ್: 2020ರ ಏಪ್ರಿಲ್ 1ರಿಂದ ಯೂನಿಯನ್ ಬ್ಯಾಂಕ್
- ಕಾವೇರಿ ಗ್ರಾಮೀಣ ಮತ್ತು ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್‌ಗಳು 2019ರಲ್ಲಿ ಸೇರಿ ಒಂದಾದವು. ಅದು ಮತ್ತು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್

ಅರ್ಜಿಯಲ್ಲಿ ಹಳೆ ಬ್ಯಾಂಕಿನ ಹೆಸರು, ಹಳೆ ಶಾಖೆ, ಹಳೆ ಖಾತೆ ನಂಬರ್ ಮೂರನ್ನೂ ಬರೆಯಿರಿ. ವಿಲೀನದ ನಂತರ ಖಾತೆ ನಂಬರ್ ಬದಲಾಗಿರುವ ಸಾಧ್ಯತೆ ಇದೆ.

ಬಾಯಿ ಮಾತು ಬೇಡ, ಬರೆದು ಕೊಡಿ

ನಮ್ಮ ಅಪ್ಪ ಎರಡು ತಿಂಗಳು ಸೊಸೈಟಿಗೆ ಸುಮ್ಮನೆ ಓಡಾಡಿದರು. ಹೋದಾಗೆಲ್ಲ ‘ಸೆಕ್ರೆಟರಿ ಇಲ್ಲ, ಸೋಮವಾರ ಬನ್ನಿ’. ಬರೆದು ಕೊಟ್ಟ ಮೇಲೇ ಕೆಲಸ ಶುರುವಾಗಿದ್ದು. ಕಾರಣ ಇಷ್ಟೇ: ಬಾಯಲ್ಲಿ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಸೀಲು ಬಿದ್ದ ಅರ್ಜಿಗೆ ಕೊಡಬೇಕು. ಮುಂದೆ ಯಾವ ಮೇಲಿನ ಕಚೇರಿಗೆ ಹೋದರೂ ‘ಮೊದಲು ಅಲ್ಲಿ ಕೇಳಿದ್ದೀರಾ?’ ಅಂತಲೇ ಶುರು ಮಾಡ್ತಾರೆ.

ಅರ್ಜಿ ಹೀಗಿರಲಿ:

*ಗೆ: ಶಾಖಾ ವ್ಯವಸ್ಥಾಪಕರು / ಕಾರ್ಯದರ್ಶಿಗಳು*

*ವಿಷಯ: ಸಾಲ ಖಾತೆ ಸಂಖ್ಯೆ ______ ತೀರುವಳಿ, ಮೂಲ ಪತ್ರ ಹಿಂತಿರುಗಿಸುವುದು ಮತ್ತು ಋಣ ತೆಗೆಯುವ ಬಗ್ಗೆ*

*ಮಾನ್ಯರೇ,*

*______ ಗ್ರಾಮದ ಸರ್ವೆ ನಂಬರ್ ______ ಜಮೀನಿನ ಮೇಲೆ ______ ವರ್ಷದಲ್ಲಿ ______ ಇವರು ತಮ್ಮಲ್ಲಿ ರೂ. ______ ಸಾಲ ಪಡೆದಿದ್ದು, ಅದು ______ ರಲ್ಲಿ ಪೂರ್ತಿ ತೀರಿರುತ್ತದೆ. ಆದರೂ ಪಹಣಿ / ಇ.ಸಿ.ಯಲ್ಲಿ ಋಣ ಮುಂದುವರಿದಿದೆ. ಆದ್ದರಿಂದ:*

*1. ಸಾಲ ಕೊಟ್ಟ ದಿನದಿಂದ ಇವತ್ತಿನವರೆಗಿನ ಲೆಡ್ಜರ್‌ನ ದೃಢೀಕೃತ ನಕಲು ಕೊಡಬೇಕು.*
*2. ಬಾಕಿ ಇದೆ ಎನ್ನುವುದಾದರೆ ಅಸಲು, ಬಡ್ಡಿ, ಬಡ್ಡಿ ದರ, ಸುಸ್ತಿ ಬಡ್ಡಿ ಪ್ರತ್ಯೇಕವಾಗಿ ಬರೆದು ಕೊಡಬೇಕು.*
*3. ಬಾಕಿ ಇಲ್ಲದಿದ್ದರೆ ಬೇಬಾಕಿ ಪತ್ರ ಕೊಟ್ಟು, ಪಹಣಿ, ಉಪನೋಂದಣಿ ಕಚೇರಿ ಮತ್ತು ಸೆರ್ಸಾಯ್‌ನಲ್ಲಿ ಋಣ ತೆಗೆಸಬೇಕು.*
*4. ತಮ್ಮಲ್ಲಿರುವ ಮೂಲ ಪತ್ರಗಳ ಪಟ್ಟಿ ಕೊಟ್ಟು ಪತ್ರಗಳನ್ನು ಹಿಂತಿರುಗಿಸಬೇಕು. ಸಿಗದಿದ್ದರೆ ಅದನ್ನು ಬರವಣಿಗೆಯಲ್ಲಿ ತಿಳಿಸಬೇಕು.*

*ತಮ್ಮ ವಿಶ್ವಾಸಿ, (ಸಹಿ, ದಿನಾಂಕ, ಮೊಬೈಲ್)*

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿ ಇಸ್ಕೊಳ್ಳಿ. ಸೀಲು ಹಾಕಲ್ಲ ಅಂದರೆ ಜಗಳ ಆಡಬೇಡಿ, ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ಪುರಾವೆ ತಗೊಳ್ಳಿ. ಮೂಲ ರಸೀದಿ ಯಾರಿಗೂ ಕೊಡಬೇಡಿ, ಜೆರಾಕ್ಸ್ ಮಾತ್ರ ಕೊಡಿ.

ರಸೀದಿ ಕಳೆದುಹೋಗಿದ್ದರೆ ದಾರಿ ಮುಚ್ಚಿಲ್ಲ

ಹಳೆ ಸಾಲದಲ್ಲಿ ಅರ್ಧಕ್ಕರ್ಧ ಜನರ ಸಮಸ್ಯೆ ಇದೇ. ಬ್ಯಾಂಕಿಂಗ್ ಕಂಪನಿಗಳ ದಾಖಲೆ ಸಂರಕ್ಷಣೆಯ 1985ರ ನಿಯಮದಲ್ಲಿ ಕೆಲವು ಪುಸ್ತಕಗಳಿಗೆ 5 ವರ್ಷ, ಲೆಡ್ಜರ್ ತರಹದವಕ್ಕೆ 8 ವರ್ಷ ಅಂತ ಕನಿಷ್ಠ ಅವಧಿ ಇದೆ. ಅದಾದ ಮೇಲೆ ನಾಶ ಮಾಡಿರಬಹುದು. ಆದರೆ ಅದು ಎರಡು ಕಡೆಗೂ ಅನ್ವಯ ಆಗುತ್ತೆ ಅನ್ನೋದನ್ನು ಮರೀಬೇಡಿ. ‘ಬಾಕಿ ಇದೆ’ ಅನ್ನೋ ಬ್ಯಾಂಕು ಆ ಬಾಕಿಯನ್ನು ಲೆಕ್ಕದಲ್ಲಿ ತೋರಿಸಬೇಕು. ಪಹಣಿಯ ಒಂದು ಸಾಲನ್ನು ಹಿಡಿದು 74 ಸಾವಿರ ಅಂದರೆ ಅದು ಲೆಕ್ಕ ಅಲ್ಲ, ಅಂದಾಜು.

ಬ್ಯಾಂಕ್ ಪುಸ್ತಕದ ದೃಢೀಕೃತ ನಕಲಿಗೆ 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯಡಿ ಕೋರ್ಟ್‌ನಲ್ಲಿ ಬೆಲೆ ಇದೆ. ಅದಕ್ಕೇ ಬರೀ ಪ್ರಿಂಟ್ ಬೇಡ, ದೃಢೀಕೃತ ನಕಲು ಅಂತಲೇ ಕೇಳಿ.

ರಸೀದಿ ಬದಲಿಗೆ ಇವನ್ನು ಹುಡುಕಿ:

- ಆ ಕಾಲದ ಉಳಿತಾಯ ಖಾತೆಯ ಪಾಸ್‌ಬುಕ್. ಸಾಲಕ್ಕೆ ಹೋದ ಹಣ ಅದರಲ್ಲಿ ಕಾಣಬಹುದು.
- ಆಮೇಲೆ ಅದೇ ಸೊಸೈಟಿ ಹೊಸ ಸಾಲ ಕೊಟ್ಟಿದ್ದರೆ ಅದರ ಕಾಗದ. ಹಳೆ ಸುಸ್ತಿ ಇದ್ದವರಿಗೆ ಹೊಸ ಸಾಲ ಹೇಗೆ ಕೊಟ್ಟರು ಅಂತ ಕೇಳಬಹುದು.
- ಸಾಲ ಮನ್ನಾ ಪಟ್ಟಿ. ಕೇಂದ್ರ ಸರ್ಕಾರದ 2008ರ ಮನ್ನಾ, ರಾಜ್ಯದ 2017 ಮತ್ತು 2018ರ ಮನ್ನಾಗಳಲ್ಲಿ ಹೆಸರಿದ್ದರೆ ಅದರ ಪತ್ರ. ಆದರೆ ಹುಷಾರು: ರಾಜ್ಯದ ಮನ್ನಾ ಬೆಳೆ ಸಾಲಕ್ಕೆ ಮಾತ್ರ. ಅದೇ ಜಮೀನಿನ ಮೇಲೆ ಟ್ರ್ಯಾಕ್ಟರ್, ಬೋರ್‌ವೆಲ್ ಸಾಲ ಇದ್ದರೆ ಅದು ಬೇರೆ.
- ಸಹಕಾರ ಸಂಘವಾದರೆ ಆಡಿಟ್ ವರದಿ ಮತ್ತು ಸುಸ್ತಿದಾರರ ಪಟ್ಟಿ.

ನಮ್ಮನ್ನು ಕಾಪಾಡಿದ್ದು ಕೊನೆಯದು. ಲೆಡ್ಜರ್ ಗೆದ್ದಲು ತಿಂದಿದೆ ಅಂತ ಸೊಸೈಟಿಯವರು ಬರೆದು ಕೊಟ್ಟರು. ಸಂಘಗಳು ನೇರವಾಗಿ ಆರ್‌ಟಿಐ ವ್ಯಾಪ್ತಿಗೆ ಬರಲ್ಲ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸಹಕಾರ ಇಲಾಖೆಯ ಕಚೇರಿ ಬರುತ್ತೆ. ಇಲಾಖೆ ತನ್ನ ಅಧಿಕಾರದಿಂದ ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನೂ ಅಲ್ಲಿ ಕೇಳಬಹುದು. 10 ರೂಪಾಯಿ ಶುಲ್ಕ ಇಟ್ಟು ಹಳೆ ಆಡಿಟ್ ವರದಿಗಳ ಜೊತೆಗಿನ ಸುಸ್ತಿದಾರರ ಪಟ್ಟಿ ಕೇಳಿದೆವು. 1998ರವರೆಗೆ ತಾತನ ಹೆಸರಿತ್ತು. 1999ರಿಂದ ಮುಂದೆ ಯಾವ ಪಟ್ಟಿಯಲ್ಲೂ ಇಲ್ಲ.

ಸರ್ಕಾರಿ ಬ್ಯಾಂಕುಗಳು ಆರ್‌ಟಿಐ ವ್ಯಾಪ್ತಿಯಲ್ಲಿವೆ. ನಿಮ್ಮ ಸ್ವಂತ ಖಾತೆಯ ಮಾಹಿತಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು.

ಆರ್‌ಬಿಐನ 30 ದಿನದ ನಿಯಮ: ಯಾರಿಗೆ, ಎಷ್ಟು?

ಅಂಗಡಿ ಬೀದಿಯಲ್ಲಿ ‘ದಿನಕ್ಕೆ 5 ಸಾವಿರ ದಂಡ’ ಅಂತ ಎಲ್ಲರೂ ಮಾತಾಡ್ತಾರೆ. ಪೂರ್ತಿ ವಿಷಯ ಇದು.

2023ರ ಸೆಪ್ಟೆಂಬರ್ 13ರಂದು ರಿಸರ್ವ್ ಬ್ಯಾಂಕ್ ಒಂದು ಆದೇಶ ಹೊರಡಿಸಿತು. ಸಾಲ ಪೂರ್ತಿ ತೀರಿದ ಅಥವಾ ಸೆಟಲ್ ಆದ 30 ದಿನದೊಳಗೆ ಎಲ್ಲಾ ಮೂಲ ಪತ್ರ ವಾಪಸ್ ಕೊಡಬೇಕು, ನೋಂದಣಿಯಾದ ಋಣವನ್ನೂ ತೆಗೆಸಬೇಕು. ತಪ್ಪು ಸಾಲ ಕೊಟ್ಟವರದ್ದಾಗಿ ತಡವಾದರೆ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕು. ಪತ್ರ ಕಳೆದಿದ್ದರೆ ಅಥವಾ ಹಾಳಾಗಿದ್ದರೆ ದೃಢೀಕೃತ ನಕಲು ತೆಗೆಸಲು ಸಹಾಯ ಮಾಡಿ, ಖರ್ಚನ್ನೂ ಅವರೇ ಭರಿಸಬೇಕು. ಆ ಕೆಲಸಕ್ಕೆ ಇನ್ನೂ 30 ದಿನ ಸಿಗುತ್ತೆ, ಅಂದರೆ ಒಟ್ಟು 60 ದಿನ ಕಳೆದ ಮೇಲೆ ದಿನದ ಲೆಕ್ಕ ಶುರು.

ಮೂರು ಮಿತಿ ಇವೆ, ಗಮನಿಸಿ:

- ಪತ್ರ ಕೊಡಬೇಕಾದ ದಿನ 2023ರ ಡಿಸೆಂಬರ್ 1 ಅಥವಾ ಆಮೇಲೆ ಬರುವ ಸಾಲಕ್ಕೆ ಮಾತ್ರ. 2010ರಲ್ಲಿ ತೀರಿದ ಸಾಲಕ್ಕೆ ಈ ದಿನದ ಪರಿಹಾರ ಕೇಳಕ್ಕಾಗಲ್ಲ.
- ಇದು ವೈಯಕ್ತಿಕ ಸಾಲಗಳಿಗೆ. ಮನೆ ಸಾಲ, ಶಿಕ್ಷಣ ಸಾಲ ಇದರಲ್ಲಿ ಬರುತ್ತೆ. ವ್ಯಾಪಾರದ ಸಾಲ, ಬೆಳೆ ಸಾಲಕ್ಕೆ ಈ ಆದೇಶವನ್ನೇ ನೇರ ಹಿಡಿಯಲು ಆಗಲ್ಲ. ಆದರೆ ಸಾಲ ತೀರಿದ ಮೇಲೆ ಭದ್ರತೆ ಬಿಟ್ಟುಕೊಡಬೇಕು ಅನ್ನೋದು ಆರ್‌ಬಿಐನ 2003ರ ನ್ಯಾಯಯುತ ನಡವಳಿಕೆ ಸಂಹಿತೆಯಲ್ಲೂ ಇದೆ.
- ಬ್ಯಾಂಕ್, ಗ್ರಾಮೀಣ ಬ್ಯಾಂಕ್, ಪಟ್ಟಣ ಸಹಕಾರಿ ಬ್ಯಾಂಕ್, ಡಿಸಿಸಿ ಬ್ಯಾಂಕ್, ಫೈನಾನ್ಸ್ ಮತ್ತು ಗೃಹ ಸಾಲ ಕಂಪನಿಗಳಿಗೆ ಅನ್ವಯ. ಊರಿನ ಕೃಷಿ ಪತ್ತಿನ ಸಂಘ ಆರ್‌ಬಿಐ ಕೆಳಗೆ ಬರಲ್ಲ.

ಮೂಲ ಪತ್ರವೇ ಕಳೆದಿದೆ ಅಂದರೆ

ಕ್ರಯಪತ್ರ ಹೋಯಿತು ಅಂದ್ರೆ ಆಸ್ತಿ ಹೋಯಿತು ಅಂತ ಗಾಬರಿ ಬೇಡ. ನೋಂದಾಯಿತ ಪತ್ರದ ನಕಲು ಉಪನೋಂದಣಿ ಕಚೇರಿಯ 1ನೇ ಪುಸ್ತಕದಲ್ಲಿ ಇರುತ್ತೆ, ದೃಢೀಕೃತ ನಕಲು ಸಿಗುತ್ತೆ. ಆದರೆ ಮಾರುವಾಗ, ಬೇರೆ ಸಾಲ ಮಾಡುವಾಗ ‘ಮೂಲ ಎಲ್ಲಿ?’ ಅಂತ ಕೇಳೇ ಕೇಳ್ತಾರೆ. ಅದಕ್ಕೆ ಬ್ಯಾಂಕಿನಿಂದ ಮೂರು ಕಾಗದ ತಗೊಳ್ಳಿ: ಪತ್ರ ತಮ್ಮ ವಶದಲ್ಲಿದ್ದಾಗ ಕಳೆದಿದೆ ಅನ್ನೋ ಪತ್ರ, ಪೊಲೀಸ್ ದೂರಿನ ಪ್ರತಿ, ಮತ್ತು ಮುಂದೆ ಇದರಿಂದ ತೊಂದರೆಯಾದರೆ ಬ್ಯಾಂಕ್ ಹೊಣೆ ಅನ್ನೋ ಬಾಂಡ್. ಕಳೆದದ್ದು ಬ್ಯಾಂಕು, ದೂರು ನೀವು ಕೊಡಿ ಅಂದರೆ ಒಪ್ಪಬೇಡಿ. ‘ನನ್ನ ಕೈಯಲ್ಲಿ ಕಳೆಯಿತು’ ಅಂತ ನೀವು ಬರೆದು ಕೊಟ್ಟರೆ ಪರಿಹಾರ ಕೇಳುವ ಹಕ್ಕಿಗೇ ಕುತ್ತು.

ಸಾಲ ಮಾಡಿದವರು ತೀರಿಕೊಂಡಿದ್ದರೆ

ಮರಣ ಪತ್ರ ಮತ್ತು ನಾಡಕಚೇರಿಯ ವಂಶವೃಕ್ಷ ಮೊದಲು ಮಾಡಿಸಿ. ಎಲ್ಲಾ ವಾರಸುದಾರರು ಒಪ್ಪಿ ಒಬ್ಬರಿಗೆ ಅಧಿಕಾರ ಕೊಟ್ಟರೆ ಕೆಲಸ ಬೇಗ ಆಗುತ್ತೆ. ಮದುವೆಯಾಗಿ ಹೋದ ಅತ್ತೆ, ಅಕ್ಕ ತಂಗಿಯರ ಸಹಿಯೂ ಬೇಕಾಗುತ್ತೆ. ಅದನ್ನು ಬಿಟ್ಟು ಹೊರಟವರು ಅರ್ಧದಲ್ಲಿ ನಿಲ್ತಾರೆ. ಆರ್‌ಬಿಐ ಆದೇಶದ ಪ್ರಕಾರ, ಸಾಲಗಾರ ತೀರಿಕೊಂಡರೆ ವಾರಸುದಾರರಿಗೆ ಪತ್ರ ಕೊಡುವ ವಿಧಾನವನ್ನು ಬ್ಯಾಂಕ್ ತನ್ನ ವೆಬ್‌ಸೈಟ್‌ನಲ್ಲಿ ಹಾಕಿರಬೇಕು. ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗಿ.

ಇನ್ನೊಂದು ಮಾತು. ಅಪ್ಪನ ಸಾಲ ಮಕ್ಕಳ ತಲೆ ಮೇಲೆ ಪೂರ್ತಿ ಬರಲ್ಲ. ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಜಾಮೀನು ಅಥವಾ ಜಂಟಿ ಸಾಲಕ್ಕೆ ಸಹಿ ಹಾಕಿದ್ದರೆ ಅದು ಬೇರೆ.

ಉತ್ತರ ಬರದಿದ್ದರೆ ಎಲ್ಲಿಗೆ ಹೋಗಬೇಕು?

*ಬ್ಯಾಂಕ್, ಗ್ರಾಮೀಣ ಬ್ಯಾಂಕ್, ಫೈನಾನ್ಸ್ ಕಂಪನಿ:* ಬ್ಯಾಂಕಿಗೆ ಬರೆದು 30 ದಿನ ಆದರೂ ಉತ್ತರ ಇಲ್ಲ, ಅಥವಾ ಉತ್ತರ ಸರಿ ಇಲ್ಲ ಅಂದರೆ ಆರ್‌ಬಿಐ ಒಂಬುಡ್ಸ್‌ಮನ್. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬಹುದು, ಚಂಡೀಗಢದಲ್ಲಿರುವ ಅದರ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿ. ದೂರು ಕೊಡಲು ಗಡುವು ಇದೆ, ಆದ್ದರಿಂದ 30 ದಿನ ಮುಗಿದ ಕೂಡಲೇ ಹಾಕಿ. ಕೋರ್ಟ್‌ನಲ್ಲಿ ಅದೇ ವಿಷಯ ಇದ್ದರೆ ಇಲ್ಲಿ ತಗೊಳ್ಳಲ್ಲ.

*ಗೃಹ ಸಾಲ ಕಂಪನಿ (ಬ್ಯಾಂಕ್ ಅಲ್ಲದ್ದು):* ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಗ್ರಿಡ್ಸ್ ಪೋರ್ಟಲ್.

*ವಿಎಸ್‌ಎಸ್‌ಎನ್, ಪಿಎಲ್‌ಡಿ ಬ್ಯಾಂಕ್, ಪತ್ತಿನ ಸಹಕಾರ ಸಂಘ:* ಉಪವಿಭಾಗದ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಅರ್ಜಿ. ಅದರಲ್ಲೂ ಆಗದಿದ್ದರೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 70ನೇ ಕಲಂ ಅಡಿ ದಾವೆ ಹಾಕಬೇಕು. ಸಂಘ ಮತ್ತು ಸದಸ್ಯರ ನಡುವಿನ ಇಂಥ ವ್ಯಾಜ್ಯಕ್ಕೆ ಸಿವಿಲ್ ಕೋರ್ಟ್‌ಗೆ ನೇರ ಹೋಗುವ ಹಾಗಿಲ್ಲ.

*ಸಿಬಿಲ್ ತಪ್ಪು:* ವರದಿ ಕೊಟ್ಟ ಕಂಪನಿಯ ವೆಬ್‌ಸೈಟ್‌ನಲ್ಲೇ ತಕರಾರು ಹಾಕಿ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂ. ಪರಿಹಾರ ಅಂತ ಆರ್‌ಬಿಐ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಒನ್ ಟೈಮ್ ಸೆಟಲ್‌ಮೆಂಟ್‌ನಲ್ಲಿ ಕಡಿಮೆ ಕಟ್ಟಿ ಮುಗಿಸಿದವರಿಗೆ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಅಂತ ಬರುತ್ತೆ, ಅದು ತಪ್ಪಲ್ಲ.

*ಸೇವಾ ಲೋಪ, ಪತ್ರ ಕಳೆದ ನಷ್ಟ:* ಜಿಲ್ಲಾ ಗ್ರಾಹಕರ ಆಯೋಗ. ಘಟನೆಯಿಂದ 2 ವರ್ಷದೊಳಗೆ ಹಾಕಬೇಕು. ದೊಡ್ಡ ವ್ಯಾಪಾರಕ್ಕೆ ಮಾಡಿದ ಸಾಲವಾದರೆ ‘ನೀವು ಗ್ರಾಹಕರೇ ಅಲ್ಲ’ ಅಂತ ಬ್ಯಾಂಕ್ ವಾದ ಮಾಡುತ್ತೆ, ಅಂಗಡಿಯವರು ಮೊದಲೇ ವಕೀಲರನ್ನು ಕೇಳಿ.

*ಖರ್ಚಿಗೆ ದುಡ್ಡಿಲ್ಲದವರು:* ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ವಕೀಲರು ಉಚಿತ. ಸಹಾಯವಾಣಿ 15100.

ಭೋಗ್ಯಕ್ಕೆ ಕೊಟ್ಟ ಜಮೀನು ಬಿಡಿಸಿಕೊಳ್ಳೋದು

ಎಲ್ಲಾ ಅಡಮಾನ ಬ್ಯಾಂಕಿನದ್ದಲ್ಲ. ಅಜ್ಜನ ಕಾಲದಲ್ಲಿ ಸಾಹುಕಾರರಿಗೆ ಜಮೀನು ಭೋಗ್ಯಕ್ಕೆ ಬರೆದು ಕೊಟ್ಟು, ಅವರ ಮಕ್ಕಳು ಇವತ್ತಿಗೂ ಉಳುಮೆ ಮಾಡ್ತಿರೋದು ನಮ್ಮ ಕಡೆ ಹಳ್ಳಿಗಳಲ್ಲಿದೆ. ‘ಮೂವತ್ತು ವರ್ಷ ಆಯ್ತು, ಇನ್ನು ನಮ್ಮದೇ’ ಅಂತ ಹೇಳ್ತಾರೆ.

ಸ್ವಾಧೀನ ಕೊಟ್ಟು ಫಲ ಅನುಭವಿಸಲು ಬಿಟ್ಟ ಇಂಥ ಅಡಮಾನದಲ್ಲಿ, ಬರೀ ಅಡಮಾನದ ದಿನದಿಂದ 30 ವರ್ಷ ಕಳೆಯಿತು ಅನ್ನೋ ಕಾರಣಕ್ಕೆ ಬಿಡಿಸಿಕೊಳ್ಳುವ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಸಿಂಗ್ ರಾಮ್ ವಿರುದ್ಧ ಶಿಯೋ ರಾಮ್ ಪ್ರಕರಣದಲ್ಲಿ ಹೇಳಿದೆ. ಹಣ ತಗೊಳ್ಳಲ್ಲ ಅಂದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 83ನೇ ಕಲಂ ಪ್ರಕಾರ ಕೋರ್ಟ್‌ನಲ್ಲಿ ಠೇವಣಿ ಇಡಬಹುದು. ಆದರೆ ಪತ್ರದ ಒಕ್ಕಣೆ ಮುಖ್ಯ. ಅದು ಭೋಗ್ಯವೋ, ಷರತ್ತಿನ ಕ್ರಯವೋ ಅನ್ನೋದರ ಮೇಲೆ ಎಲ್ಲಾ ಬದಲಾಗುತ್ತೆ. ಪತ್ರದ ದೃಢೀಕೃತ ನಕಲು ತೆಗೆಸಿ ವಕೀಲರಿಗೆ ತೋರಿಸಿದ ಮೇಲೇ ಮಾತಿಗೆ ಕೂರಿ.

ಸಹಿ ಹಾಕುವ ಮುಂಚೆ ನಿಲ್ಲಿ

- ‘ಬಾಕಿ ಒಪ್ಪಿಗೆ ಪತ್ರ’ಕ್ಕೆ ಲೆಕ್ಕ ನೋಡದೆ ಸಹಿ ಬೇಡ. ಸಹಿ ಹಾಕಿದರೆ ಸಾಲ ಒಪ್ಪಿಕೊಂಡ ಹಾಗೆ. ಅಡಮಾನ ಸಾಲ ವಸೂಲಿಯ ದಾವೆಗೆ 12 ವರ್ಷದ ಕಾಲಮಿತಿ ಇದೆ, ಅವಧಿಯೊಳಗೆ ಕೊಟ್ಟ ಒಪ್ಪಿಗೆಯಿಂದ ಆ ಲೆಕ್ಕ ಹೊಸದಾಗಿ ಶುರುವಾಗುತ್ತೆ.
- ‘ಸುಮ್ನೆ ಸ್ವಲ್ಪ ಕಟ್ಟಿ, ಆಮೇಲೆ ನೋಡೋಣ’ ಅಂದರೂ ಅದೇ ಎಚ್ಚರಿಕೆ.
- ಸರ್ಫೇಸಿ ಕಾಯ್ದೆಯ 13(2) ನೋಟಿಸ್ ಬಂದರೆ ಸುಮ್ಮನಿರಬೇಡಿ. 60 ದಿನದ ಗಡುವು ಇರುತ್ತೆ. ನಿಮ್ಮ ಆಕ್ಷೇಪಣೆ ಬರೆದು ಕೊಟ್ಟರೆ ಬ್ಯಾಂಕ್ 15 ದಿನದಲ್ಲಿ ಉತ್ತರಿಸಬೇಕು. ಸ್ವಾಧೀನದ ಹಂತಕ್ಕೆ ಹೋದರೆ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬೇಕು. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸಲ್ಲ.
- ‘ಎಲ್ಲಾ ಮಾಡಿಸಿ ಕೊಡ್ತೀನಿ’ ಅನ್ನೋ ಮಧ್ಯವರ್ತಿ ಕೈಗೆ ಮೂಲ ಕಾಗದ ಕೊಡಬೇಡಿ.

ಬೇಬಾಕಿ ಪತ್ರ ಸಿಕ್ಕಿತು, ಮುಂದೆ?

ಇಲ್ಲೇ ಬಹಳ ಜನ ನಿಲ್ಲಿಸಿಬಿಡ್ತಾರೆ. ಪತ್ರ ಬೀರುವಿನಲ್ಲಿಟ್ಟರೆ ಪಹಣಿ ಬದಲಾಗಲ್ಲ. ಈಚಿನ ಕೃಷಿ ಸಾಲಗಳ ಋಣವನ್ನು ಬ್ಯಾಂಕ್‌ಗಳು ಫ್ರೂಟ್ಸ್ ತಂತ್ರಾಂಶದ ಮೂಲಕ ಆನ್‌ಲೈನ್‌ನಲ್ಲೇ ಕೂರಿಸುತ್ತವೆ, ತೆಗೆಯುವ ಕೋರಿಕೆಯನ್ನೂ ಅವರೇ ಕಳಿಸಬೇಕು. ಹಳೇ ಋಣಕ್ಕೆ ಬೇಬಾಕಿ ಪತ್ರ, ಪಹಣಿ, ಆಧಾರ್ ಜೊತೆ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಅರ್ಜಿ ಹಾಕಿ ಸ್ವೀಕೃತಿ ತಗೊಳ್ಳಿ. ನೋಂದಾಯಿತ ಆಧಾರ ಪತ್ರ ಮಾಡಿದ್ದರೆ ಬ್ಯಾಂಕಿನಿಂದ ಋಣ ವಿಮೋಚನೆ ಪತ್ರ ಮಾಡಿಸಿ ಉಪನೋಂದಣಿ ಕಚೇರಿಯಲ್ಲಿ ದಾಖಲಿಸಬೇಕು. ಆಮೇಲೆ ಹೊಸ ಪಹಣಿ, ಹೊಸ ಇ.ಸಿ. ತೆಗೆಸಿ ಕಣ್ಣಾರೆ ನೋಡಿ. ಬೇಬಾಕಿ ಪತ್ರದಲ್ಲಿ ಸರ್ವೆ ನಂಬರ್, ಹೆಸರು, ಮೊತ್ತ ಪಹಣಿಯಲ್ಲಿದ್ದ ಹಾಗೇ ಇರಬೇಕು. ಒಂದಕ್ಷರ ತಪ್ಪಿದ್ದರೂ ವಾಪಸ್ ಬರುತ್ತೆ, ನಮ್ಮದು ಒಂದು ಸಲ ಹಾಗೇ ಬಂತು.

ನಮ್ಮದು ಏನಾಯ್ತು?

ಸುಸ್ತಿದಾರರ ಪಟ್ಟಿಯ ನಕಲು ಇಟ್ಟು ಸಹಾಯಕ ನಿಬಂಧಕರಿಗೆ ಅರ್ಜಿ ಕೊಟ್ಟ ಮೇಲೆ ಸೊಸೈಟಿ ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಇಟ್ಟು ಬೇಬಾಕಿ ಪತ್ರ ಕೊಟ್ಟಿತು. 74 ಸಾವಿರ ಕಟ್ಟಲಿಲ್ಲ. ಪಹಣಿಯ 11ನೇ ಕಾಲಂ ಖಾಲಿಯಾಗೋ ಹೊತ್ತಿಗೆ ಒಟ್ಟು ಏಳು ತಿಂಗಳಾಗಿತ್ತು. ಅಷ್ಟರಲ್ಲಿ ಆ ವರ್ಷದ ಸೀಟು ಹೋಗಿತ್ತು, ತಂಗಿ ಒಂದು ವರ್ಷ ಮನೇಲಿ ಕೂತಳು. ಬಿ.ಕಾಂ. ಅರ್ಧಕ್ಕೆ ಬಿಟ್ಟ ನನಗೆ ಆ ಒಂದು ವರ್ಷದ ಬೆಲೆ ಗೊತ್ತು. ಮುಂದಿನ ವರ್ಷ ಸೇರಿದಳು, ಈಗ ಓದ್ತಾ ಇದ್ದಾಳೆ.

ಆದ್ದರಿಂದ ಮಾರುವ ದಿನ, ಮದುವೆಯ ದಿನ, ಫೀಸು ಕಟ್ಟುವ ದಿನ ಬರೋವರೆಗೆ ಕಾಯಬೇಡಿ. ಈ ವಾರವೇ ನಿಮ್ಮ ಪಹಣಿ, ಇ.ಸಿ. ತೆಗೆಸಿ 11ನೇ ಕಾಲಂ ಒಂದು ಸಲ ನೋಡಿ. ಮನೇಲಿ ದೊಡ್ಡವರಿದ್ದರೆ ಯಾವ ಸಾಲ ಎಲ್ಲಿ ಮಾಡಿದ್ರಿ, ಯಾವಾಗ ತೀರಿಸಿದ್ರಿ ಅಂತ ಕೇಳಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅವರು ಇದ್ದಾಗ ಹತ್ತು ನಿಮಿಷದ ಕೆಲಸ, ಆಮೇಲೆ ಏಳು ತಿಂಗಳದ್ದು.

*(ಗಮನಿಸಿ: ಇದು ಸಾಮಾನ್ಯ ಮಾಹಿತಿ. ನಿಮ್ಮ ಪ್ರಕರಣದಲ್ಲಿ ಕೋರ್ಟ್ ಅಥವಾ ನೋಟಿಸ್ ವಿಷಯ ಇದ್ದರೆ ಕಾಗದ ಪತ್ರಗಳ ಸಮೇತ ವಕೀಲರನ್ನು ಕಾಣಿರಿ.)*